ಅಕ್ಕನ ಕೈಗೆ ಹಾಕಿಸಿದ ಬರೆ

ನಾನು ಚಿಕ್ಕವನಿದ್ದಾಗ ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿಗೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಅಕ್ಕ ರಾಟಿ ತಿರುಗಿಸುತ್ತ ಅವನಿಗೆ ಬೇಕಾದ ನೂಲು ಸುತ್ತಿಕೊಡಬೇಕು. ಹನ್ನೆರಡು ವರ್ಷದ ಹುಡುಗಿ! ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆಯಲ್ಲಿ ದೀಪ ಹಚ್ಚುವ ತನಕ ಕೂತಿರುತ್ತಿದ್ದಳು.

ಒಂದು ದಿನ ರಾಟಿ ನಿಂತಿತು.

“ಅಪ್ಪಾ, ಕೈಯಾಗ ಇರುವಿ ಹರದಂಗ ಆಗತೈತಿ. ಕಿರುಬೆರಳಂತೂ ನಂದಲ್ಲೇನೋ ಅನಸ್ತೈತಿ. ಎರಡು ದಿನ ಬಿಡಪಾ.”

“ಕೆಲಸ ಅಂದ್ರ ಸಾಕು, ನಿನಗ ಕೈ ನೋಯತೈತಿ!” ಎಂದು ಅಪ್ಪ ಗದರಿದ.

“ನರ ಹಿಡದಿರಬೇಕು. ಚುಟಗಿ ಹಾಕ್ಸಿದ್ರ ಛಲೋ ಆಗತೈತಿ,” ಎಂದಳು ಅವ್ವ. ಚುಟಗಿ ಎಂದರೆ ಕಾದ ಕಬ್ಬಿಣದ ಬರೆ. ಆಗೆಲ್ಲ ಯಾವ ನೋವಿಗೂ ಅದೇ ಮದ್ದು.

ಬರೆ ಹಾಕುವ ಮುದುಕ ಬಂದ. ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿಯುವ ಕೆಲಸ ನನ್ನದು. ಹಿಂದಿನ ದಿನ ಆಕೆ ನನ್ನ ಗೋಲಿ ಕಸಿದುಕೊಂಡಿದ್ದಳು. ಅಳಲಿ, ಚೆನ್ನಾಗಿ ಅಳಲಿ ಎಂದುಕೊಂಡೆ. ಎಂಥ ನಾಚಿಕೆಗೇಡಿ ನಾನು!

ಕೆಂಪಗೆ ಕಾದ ಕುಡಗೋಲಿನ ತುದಿ ಕಿರುಬೆರಳ ಬುಡಕ್ಕೆ ತಾಗಿತು. ಚರ್ಮ ಚುರ್ರೆಂದಿತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಅಳಲಿಲ್ಲ. ಯಾರದೋ ಕೈ ನೋಡಿದಂತೆ ನೋಡುತ್ತ ಕೂತಳು. ಬೆರಳು ಅಷ್ಟು ಮರಗಟ್ಟಿಹೋಗಿತ್ತು. ಅದು ನಮಗೆಲ್ಲಿ ತಿಳಿಯಬೇಕು?

“ಬೆಂಕಿಗೂ ಅಳಲಿಲ್ಲ ನೋಡ್ರಿ ಈಕಿ! ರಾಟಿ ತಿರುವಾಕ ಅಷ್ಟ ನೋವಂತ. ಎಲ್ಲಾ ಸೋಗು!” ಎಂದು ಅಪ್ಪ ನಕ್ಕ. ನಾನೂ ನಕ್ಕೆ.

ಗಾಯಕ್ಕೆ ಅರಿಷಿಣ ಮೆತ್ತಿ ಅವತ್ತೇ ಆಕೆಯನ್ನು ರಾಟಿಗೆ ಕೂರಿಸಿದರು. ಗಾಯ ಕೀವು ತುಂಬಿತು. ದಿನ ಕಳೆದಂತೆ ಆ ಬಲಗೈಯ ಬೆರಳುಗಳು ಒಳಕ್ಕೆ ಮಡಿಚಿಕೊಂಡವು. ಮತ್ತೆ ಬಿಚ್ಚಲಿಲ್ಲ.

ಈಗ ನಿಮ್ಮ ಕಾಲ ನೋಡಿ, ಮೊಮ್ಮಕ್ಕಳೇ. ನಿಮ್ಮಲ್ಲೊಬ್ಬ ಕೈ ಜುಮ್ಮೆನ್ನುತ್ತದೆ ಎಂದ ಕೂಡಲೇ ಕೊಪ್ಪಳಕ್ಕೆ ಡಾಕ್ಟರ ಹತ್ತಿರ ಓಡಿದೆವು. ಮೊಣಕೈ ಊರಿ ತಾಸುಗಟ್ಟಲೆ ಮೊಬೈಲ್ ಹಿಡಿದು ನರ ಒತ್ತಿಕೊಂಡಿದೆ ಎಂದರು ಅವರು. ಕೆಲವರಿಗೆ ಕುತ್ತಿಗೆಯಲ್ಲಿ ಒತ್ತುತ್ತದಂತೆ, ಕೆಲವರಿಗೆ ಸಕ್ಕರೆ ಕಾಯಿಲೆಯಿಂದ ಬರುತ್ತದಂತೆ. ಕೈಗೆ ವಿಶ್ರಾಂತಿ ಕೊಡಿ, ಮರಗಟ್ಟಿದ ಜಾಗಕ್ಕೆ ಬಿಸಿ ತಾಗಿಸಬೇಡಿ ಎಂದು ಹೇಳಿ ಕಳಿಸಿದರು. ಕೆಲವೇ ವಾರದಲ್ಲಿ ಹುಡುಗ ಬ್ಯಾಟ್ ಹಿಡಿದ.

ಅದೇ ಹುಡುಗ ನಿನ್ನೆ, ಅಕ್ಕ ಎಡಗೈಯಲ್ಲಿ ಉಣ್ಣುವುದನ್ನು ಕಂಡು ಮುಸಿಮುಸಿ ನಕ್ಕ. ನನಗೆ ಮೈಯೆಲ್ಲ ಉರಿದು ಬೈಯಲು ಬಾಯಿ ತೆಗೆದೆ. ಅಕ್ಕ ತುತ್ತು ನುಂಗಿ ನನ್ನ ಕಡೆ ನೋಡಿದಳು.

“ಬೈಬ್ಯಾಡಪಾ. ಅವತ್ತು ನೀನೂ ನಕ್ಕಿದ್ದಿ.”