ಮುಟ್ಟದೆ ಆಡುವುದು

ಪರಶುರಾಂಪುರದ ಪಕ್ಕದ ಹಟ್ಟಿಯ ಶಿಲ್ಪ ಚೆಸ್ ಆಡಲು ಕೂತರೆ ಅವಳ ಬೆರಳುಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ನಡೆ ಯೋಚಿಸುವ ಮೊದಲೇ ಅವು ಹೊರಟು ಆನೆ, ಕುದುರೆ, ಒಂಟೆ ಎಲ್ಲವನ್ನೂ ಒಂದು ಸುತ್ತು ಸವರಿ ಬರಬೇಕು. ಈ ಚಾಳಿ ಅಪ್ಪನಿಂದ ಬಂದದ್ದು.

ಅಪ್ಪ ಪಾತಣ್ಣ ಕುರಿ ಕಾದವನು. ಸಂಜೆ ರೊಪ್ಪದ ಬಾಯಲ್ಲಿ ನಿಂತು, ಒಳಗೆ ನುಗ್ಗುವ ಕುರಿಗಳ ಬೆನ್ನು ಮುಟ್ಟಿ ಮುಟ್ಟಿಯೇ ಎಣಿಸುತ್ತಿದ್ದ. ಕಣ್ಣು ಮೋಸ ಮಾಡುತ್ತೆ, ಕೈ ಮಾಡಲ್ಲ ಎಂದು ಜಂಬ ಬೇರೆ. ಕೊನೆಗೆ ಕಣ್ಣು ಮೋಸ ಮಾಡಿಯೇ ಬಿಟ್ಟಿತು. ನರ ಒಣಗಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಕುರಿಗಳೂ ಹೋದವು. ಗೋಡೆಗೊರಗಿ ಕೂತುಬಿಟ್ಟ ಅಪ್ಪನನ್ನು ನೋಡಲಾರದೆ, ಆಗಿನ್ನೂ ಹೈಸ್ಕೂಲಿನಲ್ಲಿದ್ದ ಶಿಲ್ಪ ಒಂದು ಚೆಸ್ ಮಣೆ ತಂದು ಮುಂದಿಟ್ಟಳು.

ಪಾತಣ್ಣ ಕಾಯಿಗಳನ್ನೂ ಕುರಿಗಳಂತೆಯೇ ಮುಟ್ಟಿ ಗುರುತು ಹಿಡಿದ. ಅವಳು ತನ್ನ ನಡೆಯನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ಇಬ್ಬರೂ ಸವರಿ ಸವರಿ ಆಡುವಾಗ ಬೆರಳುಗಳು ಒಂದಕ್ಕೊಂದು ತಗುಲಿದರೆ, “ನನ್ನ ರೊಪ್ಪಕ್ಕೆ ಯಾಕೆ ನುಗ್ತೀಯಾ? ಸರಿ ಅತ್ಲಾಗೆ,” ಎಂದು ರೇಗಿಸುತ್ತಿದ್ದ. ಶಿಲ್ಪ ಹೊಲಿಗೆ ಕಲಿತು ಮನೆ ನಡೆಸತೊಡಗಿದ ಮೇಲೂ ಸಂಜೆಯ ಆಟ ತಪ್ಪಲಿಲ್ಲ. ಬೇರೆ ಯಾರೊಂದಿಗೂ ಅವಳು ಆಡಿದವಳಲ್ಲ.

ರವಿಕೆ ಹೊಲಿಸಲು ಬಂದ ಮಾಲತಿ ಟೀಚರ್ ಒಂದು ಆಟ ಆಡಿ ಸೋತು, ಚಳ್ಳಕೆರೆಯ ಟೂರ್ನಮೆಂಟಿಗೆ ಅವಳ ಹೆಸರು ಕೊಟ್ಟೇಬಿಟ್ಟರು. ಆಮೇಲೆ ಎಚ್ಚರಿಸಿದರು: “ಅಲ್ಲಿ ಮುಟ್ಟಿದ ಕಾಯಿನೇ ನಡೆಸ್ಬೇಕು ಶಿಲ್ಪ. ಹಿಂಗೆ ಸವರ್ತಾ ಕೂತ್ರೆ ಕೆಟ್ಟೆ. ಬಾಯೂ ಬಿಡಂಗಿಲ್ಲ.”

ಅಂದು ಸಂಜೆ ಶಿಲ್ಪ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಅಪ್ಪನೆದುರು ಕೂತಳು. ಅವನ ಕೈ ಮಣೆಗೆ ಬಂದದ್ದೇ ತಡ, ಅವಳದೂ ಬಂತು. ಮರುದಿನವೂ ಅದೇ ಕಥೆ. ಬೆರಳು ತಗುಲಿದಾಗ ಪಾತಣ್ಣ ಈ ಸಲ ರೇಗಿಸಲಿಲ್ಲ.

“ನಾಳೆಯಿಂದ ನನ್ನ ಜತೆ ಆಡಬ್ಯಾಡ,” ಅಂದ.

“ಯಾಕಪ್ಪಾ? ನಿನ್ನ ಬಿಟ್ಟು ಆಡೋ ಆಟ ನಂಗೆ ಬ್ಯಾಡ.”

“ಕಣ್ಣು ಹೋಗಿರೋದು ನಂದು ಕಣವ್ವ, ನಿಂದಲ್ಲ. ಕಣ್ಣಿರೋರ ಜತೆ ಕೂತು ಕಲಿ.”

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪನಿಗೆ ಕಣ್ಣಾಗಿದ್ದೇನೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಮಗಳನ್ನೂ ತನ್ನಂತೆ ಮಾಡಿಬಿಟ್ಟೆನಲ್ಲ ಎಂದು ಅವನು ಒಳಗೇ ಕೊರಗುತ್ತಿದ್ದ.

ಅಲ್ಲಿಂದ ಮುಂದೆ ಶಾಲೆ ಬಿಟ್ಟ ಮೇಲೆ ಟೀಚರ್ ಬರುತ್ತಿದ್ದರು. ಜಗಲಿಯ ಮೇಲೆ ಮಾತಿಲ್ಲದ ಆಟ. ಪಾತಣ್ಣ ಕಂಬಳಿಯ ಮೇಲೆ ಕೂತು, ಕಾಯಿ ಇಟ್ಟ ಸದ್ದಿಗೆ ಕಿವಿ ಕೊಡುತ್ತಿದ್ದ. ಯಾವ ಕಾಯಿ, ಯಾವ ಮನೆಗೆ ಹೋಯಿತು, ಒಂದೂ ತಿಳಿಯದು. ಹೇಳಿಬಿಡಲೇ ಎಂದು ಶಿಲ್ಪಳಿಗೆ ನಾಲಿಗೆ ತುದಿಗೆ ಬರುತ್ತಿತ್ತು. ಹಲ್ಲು ಕಚ್ಚಿ ತಡೆಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವನು “ಗೆದ್ಯಾ?” ಎಂದಷ್ಟೇ ಕೇಳುತ್ತಿದ್ದ. ಅಪ್ಪನಿಗಿದ್ದ ಒಂದೇ ಸುಖವನ್ನು ತಾನೇ ಕಿತ್ತುಕೊಂಡೆ ಎಂದು ಅವಳಿಗೆ ಅನಿಸುತ್ತಿತ್ತು.

ಟೂರ್ನಮೆಂಟಿನ ಹಿಂದಿನ ಸಂಜೆ ಅವನೇ ಕರೆದ. “ಒಂದಾಟ ಹಾಕು ಬಾರವ್ವ, ನೋಡಾನ.”

ಅವಳು ಕಾಯಿ ಜೋಡಿಸಿ ತನ್ನ ನಡೆ ಹೇಳಿದಳು. ಅವನು ಸವರಿ ನೋಡಿ ಕುದುರೆ ಎತ್ತಿಟ್ಟ. ಹಾಗೇ ಆಟ ಸಾಗಿತು. ನಡುವೆ ಪಾತಣ್ಣನ ಕೈ ತನ್ನ ಕಾಯಿಗಳನ್ನು ದಾಟಿ ಅವಳ ಕಡೆಗೂ ಬಂದು, ಮನೆ ಮನೆಯನ್ನೂ ತಡಕಾಡಿ ನಿಂತಿತು.

“ನಿನ್ನ ಕೈ ಎಲ್ಲೈತೆ?”

“ತೊಡೆ ಮೇಲೈತಪ್ಪಾ.”

“ಹಂಗೇ ಇರ್ಲಿ. ಇನ್ನು ಧೈರ್ಯವಾಗಿ ಚಳ್ಳಕೆರೆಗೆ ಹೋಗಿ ಬಾ,” ಅಂದ.

ಹಾಗಂದ ಮೇಲೂ ಅವನ ಬೆರಳು ಅವಳ ಕಾಯಿಗಳ ನಡುವೆ ಇನ್ನೊಂದು ಸಲ ಹುಡುಕಿ ಬಂತು.