ಕಚ್ಚೆ ಸೀರೆಯವರ ಪಿಲಾಟೀಸ್ ಟೀಚರ್

ಬೆಳಗಿನ ಆರು ಗಂಟೆ. ಔರಾದ ತಾಲ್ಲೂಕಿನ ಡಾಬಕಾದ ಸಮುದಾಯ ಭವನದಲ್ಲಿ ಹತ್ತೊಂಬತ್ತು ಹೆಂಗಸರು ಜಮಖಾನೆಯ ಮೇಲೆ ಅಂಗಾತ ಮಲಗಿ, ಒಂದು ಕಾಲೆತ್ತಿ ಗಾಳಿಯಲ್ಲಿ ಸಣ್ಣ ವೃತ್ತ ಬರೆಯುತ್ತಿದ್ದಾರೆ. ಹೆಚ್ಚಿನವರಿಗೆ ಅರವತ್ತು ದಾಟಿದೆ, ಉಟ್ಟಿರುವುದು ಕಚ್ಚೆ ಸೀರೆ. ನಗರದವರು ಕನ್ನಡಿ ಹಾಕಿದ ಕೋಣೆಗಳಲ್ಲಿ ಕಲಿಯುವ ಪಿಲಾಟೀಸ್ ಎಂಬ ವ್ಯಾಯಾಮ ಇದೇ ಎಂದರೆ ನಂಬುವುದು ಕಷ್ಟ. ಕಣ್ಣಾರೆ ಕಂಡರೂ ಕಷ್ಟವೇ.

ಕಲಿಸುತ್ತಿರುವವರು ಇದೇ ಊರಿನ ಉಜ್ವಲಾ, ವಯಸ್ಸು ನಲವತ್ತೊಂದು. ಇಂದು ಅವರ ಗಮನವೆಲ್ಲ ಮೂಲೆಯಲ್ಲಿರುವ ಕೇಶರಬಾಯಿಯ ಮೇಲಿದೆ. ನಲವತ್ತು ವರ್ಷ ಬಗ್ಗಿ ಕಳೆ ಕಿತ್ತ ಈ ಅಜ್ಜಿ ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ರವಿವಾರ ಊರಿನ ಬುದ್ಧ ವಿಹಾರದಲ್ಲಿ ಎಲ್ಲರೂ ನೆಲದ ಮೇಲೆ ಕುಳಿತು ವಂದನೆ ಹೇಳುವಾಗ ಇವರೊಬ್ಬರೇ ಹಿಂದೆ ಕುರ್ಚಿಯಲ್ಲಿ. ಐದು ತಿಂಗಳು ಕಲಿತ ಮೇಲೆ, ಇವತ್ತು ಯಾರ ಕೈಯನ್ನೂ ಹಿಡಿಯದೆ ಏಳುತ್ತೇನೆಂದು ಹಟ ತೊಟ್ಟು ಬಂದಿದ್ದಾರೆ.

ಉಜ್ವಲಾ ಬೀದರಿನ ಫಿಜಿಯೋಥೆರಪಿ ಕ್ಲಿನಿಕ್ಕೊಂದರಲ್ಲಿ ಆರು ವರ್ಷ ಕಸ ಗುಡಿಸಿದವರು. ಗುಡಿಸುತ್ತಲೇ ರೋಗಿಗಳ ವ್ಯಾಯಾಮ ನೋಡಿದರು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಾಡಿದರು. ಒಂದು ದಿನ ಪೊರಕೆ ಹಿಡಿದೇ ರೋಗಿಯೊಬ್ಬರ ತಪ್ಪು ತಿದ್ದಿ ಸಿಕ್ಕಿಬಿದ್ದರು. ಬೈಗುಳಕ್ಕೆ ಕಾದಿದ್ದವರನ್ನು ಕ್ಲಿನಿಕ್ಕಿನ ಡಾಕ್ಟರ್ ಮಾನಸಿ ಪಿಲಾಟೀಸ್ ತರಬೇತಿಗೇ ಕಳಿಸಿದರು.

ಊರಲ್ಲಿ ಕಲಿಸತೊಡಗಿದ ಮೊದಲ ತಿಂಗಳು ಫಜೀತಿಯೋ ಫಜೀತಿ. ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆಯಿರಿ ಅಂದರೆ ಎಲ್ಲರೂ ಉಸಿರು ಬಿಗಿಹಿಡಿದು ಮುಖ ಕೆಂಪಾಗಿಸಿಕೊಂಡರು, ಒಬ್ಬಾಕೆಗೆ ತಲೆಯೇ ಸುತ್ತಿತು. ಅದೇ ದಿನ ಕೇಶರಬಾಯಿ ಇಬ್ಬರ ಕೈ ಹಿಡಿದು ಎದ್ದು ಸಡಿಲವಾದ ಸೀರೆ ಸರಿಪಡಿಸಿಕೊಂಡರು. ಕಚ್ಚೆ ಬಿಗಿಯುವಾಗ ಹೊಟ್ಟೆ ಒಳಗೆ, ಬಾಯಲ್ಲಿ ಮಾತ್ರ ಸೊಸೆಯ ಮೇಲಿನ ದೂರು ನಿಂತಿರಲಿಲ್ಲ. ಉಜ್ವಲಾ ಬೆರಗಾಗಿ ನಿಂತರು. ಹೊಟ್ಟೆ ಬಿಗಿದೂ ಉಸಿರಾಡುವ ಈ ಪಾಠಕ್ಕೆ ತರಬೇತಿಯಲ್ಲಿ ಅವರಿಗೆ ಮೂರು ವಾರ ಹಿಡಿದಿತ್ತು.

"ಕಚ್ಚಿ ಬಿಗಿಯೋ ಮುಂದ ಹ್ಯಾಂಗ ಎಳಕೋತೀರಿ, ಹಂಗೇ ಎಳಕೋರಿ, ಮಾತಾಡಕೋತ ಇರ್ರಿ ಅಂದೆ. ಎಲ್ಲಾರಿಗೂ ಒಮ್ಮಿಗೇ ಬಂತ್ರಿ."

ಎಂಟರ ಬಸ್ಸಿಗೆ ಅವರು ಔರಾದಕ್ಕೆ, ವಾರಕ್ಕೆ ಮೂರು ದಿನ ಅಲ್ಲಿಂದ ಭಾಲ್ಕಿಗೆ ಕಲಿಸಲು ಹೋಗುತ್ತಾರೆ. ದಿನಕ್ಕೆ ಐವತ್ತರ ಹತ್ತಿರ ಬೆನ್ನುಗಳು. ಹೊಟ್ಟೆ, ಬೆನ್ನು ಗಟ್ಟಿಯಾಗುತ್ತವೆ, ನಡಿಗೆಯಲ್ಲಿ ಸಮತೋಲ ಬರುತ್ತದೆ, ಉಸಿರು ನೀಳವಾಗುತ್ತದೆ ಎನ್ನುವ ಉಜ್ವಲಾ, ಅದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. "ಇದು ದವಾ ಅಲ್ರಿ. ಕಾಲು ಜೋಮು ಹಿಡೀತಂದ್ರ ಮೊದಲ ಡಾಕ್ಟರ ಕಡಿ ಕಳಸ್ತೇನಿ."

ಕೇಶರಬಾಯಿ ಪಕ್ಕಕ್ಕೆ ಹೊರಳುತ್ತಾರೆ. ಮೊಣಕಾಲೂರುತ್ತಾರೆ. ಅರ್ಧಕ್ಕೆ ದೇಹ ನಡುಗುತ್ತದೆ, ಪಕ್ಕದವರು ಕೈ ಚಾಚುತ್ತಾರೆ, ಉಜ್ವಲಾ ಕಣ್ಸನ್ನೆಯಲ್ಲೇ ತಡೆಯುತ್ತಾರೆ. ಒಂದು ಪಾದ ಮುಂದಕ್ಕೆ ಬರುತ್ತದೆ, ಒಂದು ಉಸಿರು ಹೊರಕ್ಕೆ ಹೋಗುತ್ತದೆ. ಅಜ್ಜಿ ಎದ್ದು ನಿಂತಿದ್ದಾರೆ. ಈ ರವಿವಾರ ವಿಹಾರದಲ್ಲಿ ನನ್ನ ಕುರ್ಚಿ ಹಾಕಬೇಡಿರೆಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಾರೆ.

ನೀವೇ ಎಬ್ಬಿಸಿದಿರಿ ಎಂದರೆ ಉಜ್ವಲಾ ಅಲ್ಲವೆಂದು ತಲೆಯಾಡಿಸುತ್ತಾರೆ.

"ಕೇಶರಬಾಯಿ ಮಾವಶಿ ತಾನೇ ಎದ್ದಾಳ್ರಿ. ನಾ ಕೈ ಹಿಂದ ಕಟ್ಟಿಕೊಂಡು ನಿಂತಿದ್ದೆ. ಈ ಕೆಲಸದಾಗ ಅದೇ ಭಾಳ ತ್ರಾಸ ನೋಡ್ರಿ."