ಬಾಗಿಲ ಹೊರಗಿನ ಚಪ್ಪಲಿ

ಮೂವತ್ತನಾಲ್ಕು ವರ್ಷ ನಾನು ಮಾಗಡಿ, ಕನಕಪುರ, ಕೊನೆಗೆ ಚನ್ನಪಟ್ಟಣದ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಪ್ರತಿ ಸಲ ಬಸ್ಸು ಹೊರಡುವ ಮುಂಚೆ ತಲೆ ಎಣಿಸುತ್ತಿದ್ದೆ. ಒಂದು ಮಗುವನ್ನೂ ಎಲ್ಲಿಯೂ ಕಳೆದುಕೊಂಡವನಲ್ಲ. ಹೆಂಡತಿಯನ್ನು ಕಳೆದುಕೊಂಡದ್ದು ಒಂದು ಮಧ್ಯಾಹ್ನ, ಸಮುದ್ರದ ನಡುವೆ, ಹನ್ನೆರಡು ಅಂತಸ್ತಿನ ಹಡಗಿನಲ್ಲಿ.

ಹಡಗಿಗೆ ಹೋಗೋಣ ಎಂದವಳು ಅವಳೇ. ಅವಳ ತವರು ಬೈರಮಂಗಲದ ಕಡೆ. ಹೊಲ, ಕುರಿ, ಎದುರಿಗೆ ಕೆರೆ. ಅದಕ್ಕಿಂತ ದೊಡ್ಡ ನೀರನ್ನು ಅವಳು ನೋಡಿರಲಿಲ್ಲ. ನನ್ನನ್ನು ಮದುವೆಯಾಗಿ ಬಂದ ಮೇಲೆ ಮನೆ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳು ಸಾಕಿದಳು. ಹುಳುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು. ಹೀಗಾಗಿ ನಾವಿಬ್ಬರೂ ಒಟ್ಟಿಗೆ ಎರಡು ರಾತ್ರಿ ಮನೆ ಬಿಟ್ಟು ಉಳಿದದ್ದೇ ಇಲ್ಲ. ಮಂಡಿ ನೋವು ಜಾಸ್ತಿಯಾಗಿ ಹೋದ ವರ್ಷ ಸಾಕಣೆ ನಿಲ್ಲಿಸಿದಳು. ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದ ದಿನ ಫೋನಿನಲ್ಲಿ ಒಂದು ಹಡಗಿನ ವಿಡಿಯೋ ತೋರಿಸಿ, "ಒಂದ್ ಸಲ ಇದರಲ್ಲಿ ಕೂರ್ಬೇಕು ಕಣ್ರೀ. ಬೇರೆ ಏನೂ ಕೇಳಾಕಿಲ್ಲ," ಎಂದಳು. ನಿಜಕ್ಕೂ ಅದಕ್ಕೆ ಮುಂಚೆ ಅವಳು ಏನನ್ನೂ ಕೇಳಿದವಳಲ್ಲ.

ಮುಂಬಯಿಯಿಂದ ಹೊರಟು ಮೂರು ರಾತ್ರಿ ನೀರಿನ ಮೇಲಿದ್ದು ಮತ್ತೆ ಮುಂಬಯಿಗೇ ಬರುವ ಪ್ರವಾಸ. ನಮ್ಮ ಕೋಣೆ ಎಂಟನೇ ಅಂತಸ್ತಿನಲ್ಲಿ. ಉದ್ದನೆಯ ಓಣಿ, ಎರಡೂ ಬದಿಗೆ ಒಂದೇ ಬಣ್ಣದ ಬಾಗಿಲುಗಳು, ಕಾಲು ಹುದುಗುವ ನೀಲಿ ಜಮಖಾನೆ. ಹೋದ ತಕ್ಷಣ ನಾನು ಮೂರು ಕೆಲಸ ಮಾಡಿದೆ. ಬಾಗಿಲು ತೆಗೆಯುವ ಕಾರ್ಡುಗಳನ್ನು, ಅವಳದ್ದನ್ನೂ ಸೇರಿಸಿ, ನನ್ನ ಸೊಂಟದ ಚೀಲದಲ್ಲಿ ಭದ್ರ ಮಾಡಿದೆ. ಸಿಗ್ನಲ್ ಹೇಗೂ ಇರುವುದಿಲ್ಲವೆಂದು ಅವಳ ಫೋನು ಆರಿಸಿ ಬ್ಯಾಗಿನ ತಳದಲ್ಲಿಟ್ಟೆ. ಮೂರು ದಿನದ ವೇಳಾಪಟ್ಟಿ ಬರೆದು ಕನ್ನಡಿಗೆ ಅಂಟಿಸಿದೆ.

ಅವಳು ಒಂದೇ ಕೆಲಸ ಮಾಡಿದಳು. ನಮ್ಮಿಬ್ಬರ ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡಿಸಿದಳು. ಹುಳುವಿನ ಮನೆಗೆ ಹೊರಗಿನ ಚಪ್ಪಲಿ ಬಂದರೆ ಹಿಂದೆಯೇ ರೋಗ ಬರುತ್ತದೆ. ಅದು ಅವಳಿಗೆ ಉಸಿರಾಟದಷ್ಟು ಸಹಜವಾದ ಕಟ್ಟಳೆ. "ಇಲ್ಲಿ ಹುಳು ಎಲ್ಲಿವೆ?" ಎಂದೆ. "ನಾವಿಲ್ವಾ?" ಎಂದಳು. ಮೊದಲ ದಿನವೆಲ್ಲ ನಾನು ಒಳಗಿರುವಾಗ ಅವಳು ಒಬ್ಬಳೇ ಹೊರಗೆ ಹೋಗಿ ಬಂದರೆ, ಓಣಿಗೆ ತಿರುಗಿದ ಕೂಡಲೆ ನನ್ನ ಹಳೇ ಕಂದು ಚಪ್ಪಲಿ ಹುಡುಕಿಕೊಂಡು ನೇರ ಬಾಗಿಲಿಗೆ ಬರುತ್ತಿದ್ದಳು. ಹೆಬ್ಬೆರಳಿನ ಉಂಗುಷ್ಟವನ್ನು ಪೇಟೆಯ ಮೋಚಿ ಕಪ್ಪು ದಾರದಲ್ಲಿ ಹೊಲಿದುಕೊಟ್ಟಿದ್ದ ಚಪ್ಪಲಿ. ಬಾಗಿಲ ಮೇಲಿನ ನಾಲ್ಕಂಕಿಯ ನಂಬರನ್ನು ಅವಳು ನೋಡುತ್ತಲೇ ಇಲ್ಲ ಎಂಬುದನ್ನು ನಾನು ಗಮನಿಸಲಿಲ್ಲ.

ಎರಡನೇ ದಿನ ಹಡಗು ಎಲ್ಲೂ ನಿಲ್ಲುವಂತಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಅವಳು ಹತ್ತು ನಿಮಿಷ ತಡ ಮಾಡಿದಳು. ಕಿಟಕಿಯ ಬಳಿ ನಿಂತು ನೀರು ನೋಡುತ್ತಿದ್ದಳು. ನಾನು ಗಡಿಯಾರ ತೋರಿಸಿದೆ.

"ಹುಳ ಬುಟ್ಟು ಬಂದ್ರೆ ಹಿಂದೇನೇ ನಿಮ್ಮ ಬೆಲ್ಲು ಬಂತಲ್ಲ," ಎಂದಳು.

"ಶಿಸ್ತು ಬೇಡ ಅನ್ನೋರು ಮನೇಲಿ ಇರಬೇಕು. ಇಲ್ಲಿಗೆ ಯಾಕೆ ಬರಬೇಕಿತ್ತು?"

ಅವಳು ಸೆರಗು ಸರಿ ಮಾಡಿಕೊಂಡಳು. "ಬರಬಾರ್ದಿತ್ತು. ಸರಿಯಾಗೇ ಹೇಳುದ್ರಿ."

ತಿಂಡಿಯ ಮೇಜಿನಲ್ಲಿ ನಮ್ಮ ಜೊತೆ ಮದ್ದೂರು ಕಡೆಯ ಎಳನೀರು ವ್ಯಾಪಾರಿಯೊಬ್ಬರು ಕೂರುತ್ತಿದ್ದರು, ಮಾತುಗಾರ. ಅವರೇ ಮಾತಾಡಿದರು, ನಾವಿಬ್ಬರೂ ತಿಂದೆವು. ಹನ್ನೆರಡೂವರೆಗೆ ಊಟ ಮಾಡಿದಾಗಲೂ ಅವಳು ನನ್ನ ಮುಖ ನೋಡಲಿಲ್ಲ. ಒಂದು ಗಂಟೆಗೆ ಮಲಗಲು ಕೋಣೆಗೆ ಬಂದೆವು.

"ನೀವ್ ಮಲಗಿ. ನಾನು ಒಸಿ ಮ್ಯಾಲಕ್ಕೋಗಿ ನೀರ್ ನೋಡ್ಕಂಡ್ ಬತ್ತೀನಿ."

"ಎರಡಕ್ಕೆ ಇಲ್ಲಿರಬೇಕು."

ಅವಳು ಹೊರಗೆ ತನ್ನ ಚಪ್ಪಲಿ ಮೆಟ್ಟಿಕೊಂಡು ಹೋದಳು. ಐದು ನಿಮಿಷಕ್ಕೆ ಬಾಗಿಲು ಬಡಿದ ಸದ್ದಾಯಿತು. ಕೋಣೆ ಗುಡಿಸುವ ಮನುಷ್ಯ ಹೊರಗಿದ್ದ ನನ್ನ ಚಪ್ಪಲಿ ತೋರಿಸಿ, ಓಣಿಯಲ್ಲಿ ಏನೂ ಇಡಬಾರದು ಎಂದು ಹಿಂದಿಯಲ್ಲಿ ವಿನಯದಿಂದಲೇ ಹೇಳಿ, ನಿಯಮ ಅಚ್ಚು ಹಾಕಿದ ಚೀಟಿ ಕೊಟ್ಟ. ನಿಯಮವೆಂದರೆ ನಿಯಮ. ಚಪ್ಪಲಿ ಒಳಗೆ ತಂದು, ಕೆಳಗೆ ಪೇಪರು ಹಾಸಿ, ಜೋಡಿಸಿಟ್ಟು ಮಲಗಿದೆ. ಒಳ್ಳೆಯ ನಿದ್ದೆ ಬಂತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಎರಡಕ್ಕೆ ಎದ್ದೆ. ಅವಳಿಲ್ಲ. ಎರಡೂ ಹತ್ತಕ್ಕೆ ಸಿಟ್ಟು ಬಂತು. ಎರಡೂವರೆಗೆ ಸಿಟ್ಟು ಹೋಗಿ ಹೆದರಿಕೆ ಬಂತು. ಬೂಟು ಹಾಕಿಕೊಂಡು ಮೇಲಿನ ಅಂತಸ್ತಿಗೆ ಓಡಿದೆ. ಈಜುಕೊಳದ ಸುತ್ತ ನೋಡಿದೆ. ಊಟದ ಹಾಲು, ನಾಟಕದ ಹಾಲು, ಅಂಗಡಿಗಳು. ಹೆಂಗಸರ ಶೌಚಾಲಯದ ಹೊರಗೆ ನಿಂತು ಕಾದೆ. ಮತ್ತೆ ಮೇಲೆ ಹೋದೆ. ಎಳನೀರು ವ್ಯಾಪಾರಿ ಕುರ್ಚಿಯಲ್ಲಿ ಒರಗಿದ್ದವರು ನನ್ನ ಮುಖ ನೋಡಿ ಎದ್ದರು.

"ಏನ್ ಮೇಷ್ಟ್ರೇ, ಹಿಂಗ್ ಬೆವತೋಗಿದ್ದೀರಾ?"

"ನಮ್ಮನೆಯವಳು ಕಾಣ್ತಿಲ್ಲ."

"ಅಯ್ ಬುಡಿ! ಬಸ್‌ಸ್ಟ್ಯಾಂಡಾ ಇದು? ಹಡಗು ಬುಟ್ಟು ಎಲ್ಲೋದಾರು?"

ನಗಿಸಲೆಂದೇ ಹೇಳಿದರು. ಹೇಳಿ ಮುಗಿಸಿದ ಮೇಲೆ ಇಬ್ಬರೂ ಕಂಬಿಯ ಆಚೆ ನೋಡಿದೆವು. ಅವರ ನಗು ಅಲ್ಲೇ ನಿಂತಿತು. "ನಾನು ಮುಂದುಗಡೆ ಹುಡುಕ್ತೀನಿ, ನೀವ್ ಆಫೀಸ್ನೋರಿಗೆ ಹೇಳಿ, ಹೋಗಿ ಹೋಗಿ," ಎಂದರು.

ಕಂಬಿ ನನ್ನ ಎದೆಯ ಮಟ್ಟಕ್ಕಿತ್ತು. ಅವಳಿಗೆ ಗದ್ದದ ಮಟ್ಟಕ್ಕೆ ಬರುತ್ತದೆ. ಹತ್ತುವುದಕ್ಕೆ ಆಗುವುದಿಲ್ಲ, ಆ ಮಂಡಿಯಲ್ಲಿ ಸಾಧ್ಯವೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪಕ್ಕದಲ್ಲೇ ಇದ್ದ ಕುರ್ಚಿ ಕಾಣಿಸಿತು. ಹಡಗಿನ ಹಿಂದೆ ಬಿಳಿ ನೊರೆಯ ದಾರಿ ಕಣ್ಣಿಗೆ ಕಾಣುವಷ್ಟು ದೂರ ಹೋಗಿ ಅಳಿಸಿಹೋಗುತ್ತಿತ್ತು. ಒಂದು ಗಂಟೆ ಹಿಂದೆ ನಾವಿದ್ದ ಜಾಗ ಯಾವುದೆಂದು ತೋರಿಸಲು ಅಲ್ಲಿ ಒಂದು ಕಲ್ಲಿಲ್ಲ, ಒಂದು ಮರವಿಲ್ಲ. ಹರಕೆ ಹೊರುವ ಅಭ್ಯಾಸ ನನಗಿಲ್ಲ. ಆಗ ಹೊತ್ತೆ. ಯಾವ ದೇವರಿಗೆ ಏನೆಂದು ಹೊತ್ತೆನೋ ನೆನಪಿಲ್ಲ. ಒಬ್ಬರಿಗಲ್ಲ, ನಾಲ್ಕೈದು ಮಂದಿಗೆ.

ವಿಚಾರಣೆಯ ಕೌಂಟರಿನಲ್ಲಿ ಉಡುಪಿ ಕಡೆಯ ಹೆಣ್ಣುಮಗಳೊಬ್ಬಳು ಇದ್ದಳು. ನನ್ನ ಹರಕು ಇಂಗ್ಲಿಷ್ ಕೇಳಿ ತಾನೇ ಕನ್ನಡಕ್ಕೆ ಬಂದಳು.

"ಎಂತ ಆಯ್ತು ಅಂಕಲ್? ಕೂತ್ಕೊಳ್ಳಿ ಮೊದಲು. ಆಂಟಿ ಫೋನ್ ನಂಬರ್?"

"ಫೋನು ನನ್ನ ಬ್ಯಾಗಿನಲ್ಲಿದೆ."

"ಕಾರ್ಡ್ ಉಂಟಲ್ಲ ಅವರ ಹತ್ರ? ಎಲ್ಲಿ ಉಪಯೋಗಿಸಿದ್ದು ಅಂತ ನೋಡ್ಬಹುದು."

ಸೊಂಟದ ಚೀಲದಿಂದ ಎರಡು ಕಾರ್ಡುಗಳನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅವಳು ಅವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"ಸೀರೆ ಬಣ್ಣ ಎಂತದ್ದು?"

ಬೆಳಗಿನ ಪ್ರಾರ್ಥನೆಯಲ್ಲಿ ನಿಂತ ನಾನೂರು ಮಕ್ಕಳಲ್ಲಿ ಯಾರ ಅಂಗಿಯ ಗುಂಡಿ ಹೋಗಿದೆ ಎಂದು ದೂರದಿಂದಲೇ ಹೇಳುತ್ತಿದ್ದವನು ನಾನು. ಬೆಳಗಿನಿಂದ ಎದುರಿಗೇ ಇದ್ದ ಸೀರೆಯ ಬಣ್ಣ ನೆನಪಾಗಲಿಲ್ಲ. ಕಣ್ಣು ಮುಚ್ಚಿದರೆ ಅವಳು ಸೆರಗು ಸರಿ ಮಾಡಿಕೊಂಡದ್ದು ಕಾಣುತ್ತಿತ್ತು, ಆ ಸೆರಗಿಗೆ ಬಣ್ಣವಿರಲಿಲ್ಲ.

ಭದ್ರತೆಯ ಅಧಿಕಾರಿ ಬಂದ. ಉತ್ತರದ ಕಡೆಯವನು, ಹಿಂದಿಯಲ್ಲಿ ಮೆಲ್ಲಗೆ ಏನೋ ಕೇಳಿದ. ಹುಡುಗಿ ಅದನ್ನು ಕನ್ನಡಕ್ಕೆ ತರುವ ಮುಂಚೆ ಒಂದು ಕ್ಷಣ ತಡೆದಳು.

"ಅಂಕಲ್, ಬೇಜಾರು ಮಾಡ್ಬೇಡಿ. ಎಲ್ಲರಿಗೂ ಕೇಳುದೇ ಇದು. ನಿಮ್ಮೊಳಗೆ ಇವತ್ತು ಜಗಳ ಎಂತಾದ್ರೂ ಆಗಿತ್ತಾ?"

"ಆಗಿತ್ತು," ಎಂದೆ.

"ಜಗಳದಲ್ಲಿ ಆಂಟಿ ಕೊನೆಗೆ ಎಂತ ಹೇಳಿದ್ದು?"

"ಬರಬಾರದಿತ್ತು ಅಂದಳು."

ಅವಳು ಅದನ್ನು ಹಿಂದಿಯಲ್ಲಿ ಹೇಳಿದಳು. ಅಧಿಕಾರಿ ಬರೆದುಕೊಂಡ. ಆ ಮಾತು ಕಾಗದಕ್ಕಿಳಿಯುವುದನ್ನು ನೋಡುತ್ತಾ ನಿಂತೆ. ಹಡಗಿನ ತುಂಬ ಧ್ವನಿವರ್ಧಕದಲ್ಲಿ ಅವಳನ್ನು ಕರೆದರು, ಇಂಗ್ಲಿಷಿನಲ್ಲಿ, ಗುರುತಿನ ಚೀಟಿಯಲ್ಲಿರುವ ಹೆಸರು ಹಿಡಿದು. ತವರಿನಲ್ಲಿ ಅವಳಿಗೆ ಬೇರೆ ಹೆಸರು. ನಾನಂತೂ ಯಾವ ಹೆಸರನ್ನೂ ಹಿಡಿದು ಕರೆದವನಲ್ಲ. ಮೂರು ಸಲ ಕರೆದರು. ಯಾರೂ ಬರಲಿಲ್ಲ.

"ಕ್ಯಾಮೆರಾ ಎಲ್ಲ ನೋಡ್ತಿದ್ದಾರೆ, ಸ್ವಲ್ಪ ಹೊತ್ತಾಗ್ತದೆ. ನೀವು ರೂಮಿನಲ್ಲಿರಿ ಅಂಕಲ್. ಆಂಟಿ ಅಲ್ಲಿಗೇ ಬಂದ್ರೆ ಯಾರಾದ್ರೂ ಬೇಕಲ್ಲ," ಎಂದಳು ಹುಡುಗಿ.

ನಾಲ್ಕೂ ಕಾಲಿಗೆ ಕೋಣೆಗೆ ಬಂದೆ. ಕನ್ನಡಿಯ ಮೇಲಿನ ಪಟ್ಟಿಯಲ್ಲಿ ನಾಲ್ಕಕ್ಕೆ ಕಾಫಿ ಎಂದಿತ್ತು. ಮಂಚದ ತುದಿಯಲ್ಲಿ ಕೂತು, ಮನೆಗೆ ಒಬ್ಬನೇ ಹೋಗಿ ಬೀಗ ತೆಗೆಯುವುದನ್ನು ಯೋಚಿಸಿದೆ. ಬೈರಮಂಗಲದಲ್ಲಿರುವ ಅವಳ ಅಣ್ಣನಿಗೆ ಏನೆಂದು ಹೇಳುವುದು? ಪ್ರವಾಸಕ್ಕೆ ಕರೆದುಕೊಂಡು ಹೋದ ಭಾವ ವಾಪಸ್ಸು ಬಂದ, ತಂಗಿ ಬರಲಿಲ್ಲ ಎಂದೇ? ಬೂಟು ಬಿಚ್ಚಿ ಇಡಲು ಬಗ್ಗಿದೆ. ಪೇಪರಿನ ಮೇಲೆ ನನ್ನ ಚಪ್ಪಲಿಗಳು ಜೋಡಿಯಾಗಿ ಕೂತಿದ್ದವು.

ಆಗ ಹೊಳೆಯಿತು. ಅವಳು ಬಂದಿದ್ದಾಳೆ. ನಾನು ಮಲಗಿದ್ದಾಗಲೇ ಈ ಓಣಿಗೆ ಬಂದಿದ್ದಾಳೆ. ಬಾಗಿಲ ಮುಂದೆ ಚಪ್ಪಲಿ ಕಾಣದೆ, ಇದು ನಮ್ಮ ಓಣಿಯಲ್ಲ ಎಂದುಕೊಂಡು ಮುಂದೆ ಹೋಗಿದ್ದಾಳೆ. ಗುರುತಿಲ್ಲದ ಬಾಗಿಲು ಬಡಿಯುವ ಹೆಂಗಸಲ್ಲ ಅವಳು. ಇದಲ್ಲವಾದರೆ ಇದರ ಹಾಗೇ ಇರುವ ಇನ್ನೊಂದು ಓಣಿ.

ಚಪ್ಪಲಿ ಕೈಗೆತ್ತಿಕೊಂಡು ಬರಿಗಾಲಿನಲ್ಲೇ ಹೊರಟೆ. ಯಾಕೆ ಹಾಕಿಕೊಳ್ಳಲಿಲ್ಲವೋ ತಿಳಿಯದು. ನಮ್ಮ ಅಂತಸ್ತಿನ ಎರಡೂ ಬದಿಯ ಓಣಿ ನಡೆದೆ. ಒಂಬತ್ತಕ್ಕೆ ಹತ್ತಿದೆ. ಎದುರು ಬಂದ ಸಂಸಾರವೊಂದು ಗೋಡೆಗೆ ಸರಿದು ದಾರಿ ಬಿಟ್ಟಿತು. ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಇಳಿದು ಏಳಕ್ಕೆ ಬಂದೆ. ಅದೇ ನೀಲಿ ಜಮಖಾನೆ, ಅವೇ ಬಾಗಿಲು. ಓಣಿಯ ಕೊನೆಗೆ, ಮೇಲೆ ನಮ್ಮ ಕೋಣೆ ಇರುವ ಜಾಗದ ಸರಿಯಾಗಿ ಕೆಳಗೆ, ಗೋಡೆಗೆ ಒರಗಿ ಕಾಲು ನೀಡಿಕೊಂಡು ಒಬ್ಬಳು ಕೂತಿದ್ದಳು. ಗಿಳಿಹಸಿರು ಸೀರೆ, ಕೆಂಪು ಅಂಚು.

ಅವಳು ಮೊದಲು ನೋಡಿದ್ದು ನನ್ನ ಕೈ.

"ಚಪ್ಪಲಿ ಕೈಯಲ್ಲಿ ಹಿಡ್ಕಂಡ್ ಬತ್ತಿದ್ದೀರಲ್ಲ, ಹೊಡಿಯಾಕಾ?"

ಅವಳ ಪಕ್ಕದಲ್ಲಿ ಕೂತುಬಿಟ್ಟೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಬೆನ್ನು ನೆಟ್ಟಗೆ ಎಂದು ಕೂಗಿದವನ ಬೆನ್ನು ಮುದುಡಿಹೋಯಿತು. ಅವಳು ನನ್ನ ಮುಖ ನೋಡಿ ಹೆದರಿ, "ಯಾಕ್ರೀ, ಎದೆ ನೋವಾ?" ಎಂದಳು.

"ಇಲ್ಲೇ ಇದ್ಯಾ?" ಎಂದೆ ಕೊನೆಗೆ. "ಮೈಕಿನಲ್ಲಿ ಕರೆದರಲ್ಲ!"

"ಯಾರ್ನೋ ಕರೀತಿದ್ರು. ಪಾಪ, ಯಾರ್ ಕಳೆದೋದ್ರೋ ಅನ್ಕಂಡೆ." ಆಮೇಲೆ ಹೇಳಿದಳು: "ಓಡಾಡಿ ಓಡಾಡಿ ಸಾಕಾಯ್ತು. ಅಲೆಯೋ ಕುರಿ ಸಿಕ್ಕಾಕಿಲ್ಲ, ನಿಂತ ಕುರಿ ಸಿಕ್ತದೆ ಅಂತ ನಮ್ಮಪ್ಪ ಅಂತಿತ್ತು. ಅದಕ್ಕೆ ಕೂತ್ಕಂಡೆ."

ಪ್ರವಾಸದಲ್ಲಿ ತಪ್ಪಿಸಿಕೊಂಡರೆ ಇದ್ದಲ್ಲೇ ಇರಿ ಎಂದು ನಾನೂ ಮಕ್ಕಳಿಗೆ ಹೇಳುತ್ತಿದ್ದೆ. ಅವಳು ಕೇಳಿದ್ದು ಅವಳ ಅಪ್ಪನ ಮಾತು.

"ಮ್ಯಾಲಿನ ದಾರೀಲಿ ಮೂರ್ ಸಲ ಓಡಾಡ್ದೆ. ಚಪ್ಪಲಿ ಇರಲಿಲ್ಲ. ಇಳಿದು ಇಲ್ಲೂ ನೋಡ್ದೆ, ಇಲ್ಲೂ ಇಲ್ಲ. ನೀವು ಎಲ್ಲಿದ್ರಿ?"

"ಒಳಗಿದ್ದೆ. ಮಲಗಿದ್ದೆ. ಚಪ್ಪಲಿ ನಾನೇ ಒಳಗಿಟ್ಟೆ."

ಅವಳು ಸ್ವಲ್ಪ ಹೊತ್ತು ಆ ಚಪ್ಪಲಿಯ ಕಪ್ಪು ದಾರವನ್ನು ಬೆರಳಿನಲ್ಲಿ ಮುಟ್ಟುತ್ತಿದ್ದಳು.

"ನೀವು ಬೇರೆ ರೂಮು ಕೇಳಿ ಹೊಂಟೋದ್ರಿ ಅನ್ಕಂಡೆ. ಬೆಳಿಗ್ಗೆ ಹಂಗಂದ್ರಲ್ಲ, ಯಾಕೆ ಬಂದೆ ಅಂತ. ಬ್ಯಾಡ್ವಾಗಿರ್ಬೇಕು ಇವರಿಗೆ ನಾನು ಅನ್ನುಸ್ತು."

ಎರಡು ಗಂಟೆಗೂ ಹೆಚ್ಚು ಅವಳು ಆ ಯೋಚನೆಯನ್ನು ಇಟ್ಟುಕೊಂಡು ಈ ನೆಲದ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ದಾಟಿ ಹೋದ ಕೆಲಸಗಾರರು ಅವಳು ಗಂಡನಿಗೆ ಕಾಯುತ್ತಿದ್ದಾಳೆಂದು ತಿಳಿದಿರಬೇಕು, ಒಬ್ಬರೂ ಕೇಳಿರಲಿಲ್ಲ. ಕಾಯುತ್ತಿದ್ದದ್ದೂ ಹೌದು.

"ನಾನು ಹಂಗೆ ಅನ್ನಬಾರದಿತ್ತು," ಎಂದೆ. ಅವಳು ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದಳು. "ಎತ್ತಿ ನನ್ನ, ಮಂಡಿ ಹಿಡ್ಕಂಡೈತೆ," ಎಂದು ಕೈ ಚಾಚಿದಳು.

ಕೌಂಟರಿಗೆ ಹೋಗಿ ಸಿಕ್ಕಳೆಂದು ಹೇಳಿದೆ. ಅಧಿಕಾರಿ ಬರೆದುಕೊಂಡಿದ್ದ ಹಾಳೆಗೆ ಅಡ್ಡಗೆರೆ ಎಳೆದ. ಕಾರ್ಡು, ಫೋನು ಅವಳ ಕೈಗೆ ಕೊಟ್ಟೆ. ಎಳನೀರು ವ್ಯಾಪಾರಿ ಅವಳನ್ನು ಕಂಡವರೇ, "ಏನಕ್ಕಾ ನೀನು, ಮೇಷ್ಟ್ರಿಗೆ ಡ್ರಿಲ್ ಮಾಡುಸ್ಬುಟ್ಯಲ್ಲ!" ಎಂದು ಜೋರಾಗಿ ನಕ್ಕರು. ಅವಳೂ ನಕ್ಕಳು. ನನಗೆ ಆಗಲಿಲ್ಲ.

ಕೋಣೆಗೆ ಬಂದಾಗ ಅವಳು ನನ್ನ ಚಪ್ಪಲಿ ತೆಗೆದುಕೊಂಡು ಬಾಗಿಲ ಹೊರಗಿಟ್ಟಳು, ಪಕ್ಕದಲ್ಲಿ ತನ್ನದು. ಮಾರನೇ ದಿನ ಅದೇ ಮನುಷ್ಯ ಅದೇ ಚೀಟಿ ತಂದ. ಕೈ ಮುಗಿದೆ. ಅವನು ನನ್ನನ್ನೂ ಚಪ್ಪಲಿಯನ್ನೂ ನೋಡಿ, ಚೀಟಿ ಜೇಬಿಗೆ ಹಾಕಿಕೊಂಡು ಹೋದ.

ಊರಿಗೆ ಬಂದು ತಿಂಗಳುಗಳಾದವು. ಈಗಲೂ ಒಂದಕ್ಕೆ ಸರಿಯಾಗಿ ಮಲಗುತ್ತೇನೆ. ನಿದ್ದೆ ಬರುವುದಿಲ್ಲ. ಅವಳ ಹೆಜ್ಜೆ ಕೇಳಿಸದಿದ್ದರೆ ಎದ್ದು ಹೋಗಿ ಹೊಸ್ತಿಲಾಚೆ ಅವಳ ಚಪ್ಪಲಿ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಬಂದು ಮಲಗುತ್ತೇನೆ. ಇಲ್ಲದಿದ್ದರೆ ಅಲ್ಲೇ ಜಗಲಿಯ ಮೇಲೆ ಕೂರುತ್ತೇನೆ, ಅವಳು ಅಂಗಡಿಯಿಂದ ಬರುವವರೆಗೆ.